ವಿದ್ಯುತ್ ಕಾಮಗಾರಿಯ ಪರವಾನಗಿ ಮತ್ತು ಕಾರ್ಮಿಕ ಕಾನೂನುಗಳ ಜಾರಿ: ಅರ್ಜಿದಾರರಿಗೆ ಮಾಹಿತಿ

ಮನೆಗೆ ಅಥವಾ ಅಂಗಡಿಗೆ ವಿದ್ಯುತ್ ಸಂಪರ್ಕ ಕೋರುವವರು, ವೈರ್‌ಮನ್ ಪರವಾನಗಿ ಪತ್ರ, ಮೇಲ್ವಿಚಾರಕರ ಅರ್ಹತಾ ಪ್ರಮಾಣಪತ್ರ ಅಥವಾ ವಿದ್ಯುತ್ ಗುತ್ತಿಗೆದಾರರ ಪರವಾನಗಿಗೆ ಅರ್ಜಿ ಸಲ್ಲಿಸುವವರು ಹಾಗೂ ಅಂತಹ ಗುತ್ತಿಗೆದಾರರಲ್ಲಿ ದುಡಿಯುವ ಕಾರ್ಮಿಕರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ. ಕರ್ನಾಟಕದಲ್ಲಿ ವಿದ್ಯುತ್ ಪರವಾನಗಿಯ ವಿಷಯವು ಇಂಧನ ಇಲಾಖೆಯ ಅಧೀನದಲ್ಲಿರುವ ವಿದ್ಯುತ್ ಪರಿವೀಕ್ಷಣಾಲಯಕ್ಕೆ ಸೇರಿದ್ದು, ವೇತನ, ಕೆಲಸದ ಅವಧಿ ಮತ್ತು ಪರಿಹಾರದ ವಿಷಯಗಳು ಕಾರ್ಮಿಕ ಇಲಾಖೆಗೆ ಸೇರಿವೆ. ಕಡತಗಳು ಬೇರೆಯಾದರೂ ಗೋಡೆಯನ್ನು ಕೊರೆದು ತಂತಿ ಎಳೆಯುವ ವ್ಯಕ್ತಿ ಒಬ್ಬನೇ. ಆತನ ಹೆಸರು ಎರಡೂ ಕಡೆ ದಾಖಲಾಗಿದೆಯೇ ಇಲ್ಲವೇ ಎಂಬುದರ ಮೇಲೆ ಮನೆಯ ಮಾಲೀಕರ ಸಂಪರ್ಕವೂ ಕಾರ್ಮಿಕನ ಕುಟುಂಬದ ಪರಿಹಾರವೂ ಅವಲಂಬಿಸಿರುತ್ತವೆ.

ಕಾನೂನಿನ ಹಿನ್ನೆಲೆ

ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿದಾಗಲಿ, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿದಾಗಲಿ ಮನೆಯೊಳಗಿನ ತಂತಿ ಜೋಡಣೆಯು ಸಾರ್ವಜನಿಕ ಕಾನೂನಿನ ವಿಷಯವೆಂದು ಹೆಚ್ಚಿನವರು ಭಾವಿಸಿರಲಿಲ್ಲ. ಮುಂದೆ ಭಾರತೀಯ ವಿದ್ಯುಚ್ಛಕ್ತಿ ಅಧಿನಿಯಮ, 1910ರ ಅಡಿಯಲ್ಲಿ ರಚಿತವಾದ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳು, 1956 ಇವುಗಳ 45ನೆಯ ನಿಯಮವು ಈ ವಿಷಯವನ್ನು ಸ್ಪಷ್ಟಪಡಿಸಿತು. ಸದರಿ ನಿಯಮದ ಸಾರಾಂಶವು ಇಂದಿಗೂ ಬದಲಾಗಿಲ್ಲ. ವಿದ್ಯುತ್ ಸ್ಥಾವರದ ಯಾವುದೇ ಕಾಮಗಾರಿಯನ್ನು, ಅದರ ವಿಸ್ತರಣೆ, ಮಾರ್ಪಾಡು ಮತ್ತು ದುರಸ್ತಿಯನ್ನೂ ಒಳಗೊಂಡಂತೆ, ರಾಜ್ಯ ಸರ್ಕಾರದಿಂದ ಪರವಾನಗಿ ಪಡೆದ ಗುತ್ತಿಗೆದಾರರೇ ನಿರ್ವಹಿಸತಕ್ಕದ್ದು. ಅರ್ಹತಾ ಪ್ರಮಾಣಪತ್ರ ಹೊಂದಿದ ಮೇಲ್ವಿಚಾರಕರು ನೇರವಾಗಿ ಉಸ್ತುವಾರಿ ವಹಿಸತಕ್ಕದ್ದು. ಕೈಯಿಂದ ಕೆಲಸ ಮಾಡುವವರು ರಾಜ್ಯ ಸರ್ಕಾರ ನೀಡಿದ ಅಥವಾ ಮಾನ್ಯ ಮಾಡಿದ ಪರವಾನಗಿ ಪತ್ರವನ್ನು ಹೊಂದಿರತಕ್ಕದ್ದು.

ವಿದ್ಯುಚ್ಛಕ್ತಿ ಅಧಿನಿಯಮ, 2003 ಜಾರಿಗೆ ಬಂದಾಗ 1910ರ ಅಧಿನಿಯಮವು ರದ್ದಾಯಿತು. ಆದರೆ ಹೊಸ ಸುರಕ್ಷತಾ ವಿನಿಯಮಗಳು ರಚನೆಯಾಗುವವರೆಗೆ 1956ರ ನಿಯಮಗಳು ಮುಂದುವರಿಯಬೇಕೆಂದು ಸಂಸತ್ತು ಉಪಬಂಧ ಕಲ್ಪಿಸಿತು. 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತೆ ಮತ್ತು ವಿದ್ಯುತ್ ಸರಬರಾಜು ಸಂಬಂಧಿತ ಕ್ರಮಗಳ ವಿನಿಯಮಗಳು ಅವುಗಳ ಸ್ಥಾನಕ್ಕೆ ಬಂದವು. 2023ರಲ್ಲಿ ಅದೇ ಹೆಸರಿನ ಹೊಸ ವಿನಿಯಮಗಳು 2010ರವುಗಳ ಸ್ಥಾನವನ್ನು ಪಡೆದವು. ಹಳೆಯ ಮುದ್ರಿತ ನಮೂನೆಗಳಲ್ಲಿ "ನಿಯಮ 45" ಎಂಬ ಉಲ್ಲೇಖ ಕಂಡುಬಂದಲ್ಲಿ ಅರ್ಜಿದಾರರು ಗೊಂದಲಕ್ಕೊಳಗಾಗಬೇಕಾಗಿಲ್ಲ. ಉಲ್ಲೇಖ ಹಳೆಯದಾಗಿದ್ದರೂ ಹೊಣೆ ಹಳೆಯದಾಗಿಲ್ಲ.

ವಿದ್ಯುತ್ ಮತ್ತು ಕಾರ್ಮಿಕ ಕಲ್ಯಾಣ ಇವೆರಡೂ ಸಂವಿಧಾನದ ಏಳನೆಯ ಅನುಸೂಚಿಯ ಸಮವರ್ತಿ ಪಟ್ಟಿಯಲ್ಲಿವೆ. ಆದ್ದರಿಂದಲೇ ಮೂಲ ಮಾನದಂಡವನ್ನು ಕೇಂದ್ರವು ವಿಧಿಸಿದರೂ ಪರವಾನಗಿ ನೀಡುವ, ಪರಿವೀಕ್ಷಣೆ ನಡೆಸುವ ಮತ್ತು ದೂರು ಆಲಿಸುವ ಕಾರ್ಯವು ಬಹುಮಟ್ಟಿಗೆ ರಾಜ್ಯದ ಅಧಿಕಾರಿಗಳಿಂದ ನಡೆಯುತ್ತದೆ. ವಿದ್ಯುಚ್ಛಕ್ತಿ ಅಧಿನಿಯಮದ 162ನೆಯ ಪ್ರಕರಣದ ಮೇರೆಗೆ ರಾಜ್ಯ ಸರ್ಕಾರವು ಮುಖ್ಯ ವಿದ್ಯುತ್ ಪರಿವೀಕ್ಷಕರನ್ನೂ ವಿದ್ಯುತ್ ಪರಿವೀಕ್ಷಕರನ್ನೂ ನೇಮಿಸುತ್ತದೆ.

ಮೂರು ಪತ್ರಗಳು

ಗುತ್ತಿಗೆದಾರರ ಪರವಾನಗಿ, ಮೇಲ್ವಿಚಾರಕರ ಪ್ರಮಾಣಪತ್ರ, ವೈರ್‌ಮನ್ ಪರವಾನಗಿ ಪತ್ರ ಈ ಮೂರೂ ಬೇರೆ ಬೇರೆ. ಒಂದರ ಬದಲಿಗೆ ಇನ್ನೊಂದು ನಡೆಯುವುದಿಲ್ಲ. ಗುತ್ತಿಗೆದಾರರ ಪರವಾನಗಿಯು ವ್ಯವಹಾರ ನಡೆಸಲು ದೊರೆಯುವ ಅನುಮತಿ. ಅದನ್ನು ಪಡೆಯುವವರು ಸಾಮಾನ್ಯವಾಗಿ ಪ್ರಮಾಣಪತ್ರ ಹೊಂದಿದ ಮೇಲ್ವಿಚಾರಕರನ್ನೂ ವೈರ್‌ಮನ್‌ಗಳನ್ನೂ ತಮ್ಮಲ್ಲಿ ನೇಮಿಸಿಕೊಂಡಿರುವುದಕ್ಕೆ ದಾಖಲೆ ಹಾಜರುಪಡಿಸಬೇಕು. ನಿರೋಧನ ಮಾಪಕ, ಭೂಸಂಪರ್ಕ ಮಾಪಕ ಮುಂತಾದ ಪರೀಕ್ಷಾ ಉಪಕರಣಗಳು ತಮ್ಮ ಬಳಿ ಇರುವುದನ್ನೂ ತೋರಿಸಬೇಕಾಗುತ್ತದೆ. ಮೇಲ್ವಿಚಾರಕರ ಪ್ರಮಾಣಪತ್ರವು ವ್ಯಕ್ತಿಯ ತಾಂತ್ರಿಕ ಅರ್ಹತೆಗೆ ಸಂಬಂಧಿಸಿದ್ದು. ವೈರ್‌ಮನ್ ಪರವಾನಗಿ ಪತ್ರವು ಕೈಕೆಲಸದ ಯೋಗ್ಯತೆಗೆ ಸಂಬಂಧಿಸಿದ್ದು. ಗುತ್ತಿಗೆದಾರರ ಹೆಸರಿನ ಫಲಕ ಅಂಗಡಿಯ ಮುಂದೆ ತೂಗುತ್ತಿದ್ದ ಮಾತ್ರಕ್ಕೆ ಏಣಿಯ ಮೇಲೆ ನಿಂತಿರುವವರಲ್ಲಿ ಪರವಾನಗಿ ಪತ್ರ ಇದೆಯೆಂದು ಭಾವಿಸಲಾಗದು. ಮೂರನ್ನೂ ನೋಡಲು ಕೇಳುವುದು ನಾಗರಿಕರ ಹಕ್ಕು. ಕೇಳಿದರೆ ಬೇಸರಪಡುವ ಗುತ್ತಿಗೆದಾರರಿಗೆ ಕೆಲಸ ವಹಿಸದಿರುವುದೇ ಲೇಸು. ಪತ್ರವನ್ನು ನೋಡುವಾಗ ಅದರ ಮೇಲಿನ ಹೆಸರು, ಭಾವಚಿತ್ರ ಮತ್ತು ಚಾಲ್ತಿಯ ಅವಧಿ ಈ ಮೂರನ್ನೂ ಗಮನಿಸತಕ್ಕದ್ದು.

ಪರವಾನಗಿ ಬೇಕಾಗದ ಕೆಲಸಗಳೂ ಉಂಟು. 250 ವೋಲ್ಟ್ ಮೀರದ ದೀಪ, ಫ್ಯಾನ್, ಫ್ಯೂಸ್, ಸ್ವಿಚ್ ಮತ್ತು ಗೃಹೋಪಯೋಗಿ ಉಪಕರಣಗಳನ್ನು, ಸ್ಥಾವರದ ಸಾಮರ್ಥ್ಯ ಅಥವಾ ಸ್ವರೂಪವು ಬದಲಾಗದಂತೆ, ಬದಲಾಯಿಸುವುದಕ್ಕೆ ಈ ನಿರ್ಬಂಧ ಅನ್ವಯಿಸುವುದಿಲ್ಲ. ಕೆಟ್ಟ ಸ್ವಿಚ್ಚನ್ನು ತೆಗೆದು ಅದೇ ಬಗೆಯ ಹೊಸದನ್ನು ಹಾಕಿದರೆ ಅಪರಾಧವಾಗದು. ಅದೇ ಸ್ವಿಚ್ಚಿನಿಂದ ನೀರು ಕಾಯಿಸುವ ಯಂತ್ರಕ್ಕೆ ಹೊಸ ತಂತಿ ಎಳೆದರೆ ಸ್ಥಾವರದ ಸ್ವರೂಪ ಬದಲಾದಂತೆ. ಆಗ ಮೂರು ಪತ್ರಗಳ ಅಗತ್ಯ ಉದ್ಭವಿಸುತ್ತದೆ. ಕೊಳವೆ ಬಾವಿಯ ಪಂಪಿಗೆ, ಮದುವೆ ಚಪ್ಪರಕ್ಕೆ, ಗಣೇಶೋತ್ಸವದ ಮಂಟಪಕ್ಕೆ ತಾತ್ಕಾಲಿಕವಾಗಿ ಎಳೆಯುವ ತಂತಿಗೂ ಇದೇ ತತ್ವ ಅನ್ವಯಿಸುತ್ತದೆ. ತಾತ್ಕಾಲಿಕ ಎಂಬ ಪದವು ಕಾಮಗಾರಿಯ ಅವಧಿಯನ್ನು ಸೂಚಿಸುತ್ತದೆಯೇ ಹೊರತು ಅಪಾಯದ ಪ್ರಮಾಣವನ್ನಲ್ಲ.

ಅರ್ಜಿದಾರರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಉಪಬಂಧವಿದೆ. ಮೇಲ್ಕಂಡ ನಿಯಮಕ್ಕೆ ವಿರುದ್ಧವಾಗಿ ನಡೆದ ಕಾಮಗಾರಿಗೆ ವಿದ್ಯುತ್ ಹರಿಸತಕ್ಕದ್ದಲ್ಲ ಹಾಗೂ ಅದನ್ನು ಸರಬರಾಜುದಾರರ ಜಾಲಕ್ಕೆ ಜೋಡಿಸತಕ್ಕದ್ದಲ್ಲ. ವಿದ್ಯುತ್ ಸರಬರಾಜು ಕಂಪನಿಯು ಸಂಪರ್ಕ ನೀಡುವ ಮುನ್ನ ಕಾಮಗಾರಿ ಪೂರ್ಣಗೊಂಡ ವರದಿಯನ್ನು ಕೇಳುವುದು ಇದೇ ಕಾರಣದಿಂದ. ಗಿಲಾವು ಮುಗಿದು ಬಣ್ಣ ಬಳಿದ ಮೇಲೆ ಸಹಿ ಹಾಕುವ ಗುತ್ತಿಗೆದಾರರನ್ನು ಹುಡುಕಿಕೊಂಡು ಹೋಗುವ ಪದ್ಧತಿಯು ಹಲವೆಡೆ ರೂಢಿಯಲ್ಲಿದೆ. ಇದು ಅನುಕೂಲವೆಂದು ತೋರಿದರೂ ನೋಡದ ಕೆಲಸಕ್ಕೆ ಸಹಿ ಹಾಕಿದವರೂ ಹಾಕಿಸಿಕೊಂಡವರೂ ಅವಘಡದ ವಿಚಾರಣೆಯಲ್ಲಿ ಉತ್ತರ ಹೇಳಬೇಕಾಗುತ್ತದೆ. ಗೋಡೆಯೊಳಗೆ ಹೂತ ಕೊಳವೆಯನ್ನು ಸಹಿಯಿಂದ ಪರೀಕ್ಷಿಸಲಾಗದು.

ಪರೀಕ್ಷೆ ಎಂದರೆ ಏನು ಎಂಬುದನ್ನು ಮಾಲೀಕರು ತಿಳಿದಿರುವುದು ಒಳ್ಳೆಯದು. ತಂತಿಗಳಿಗೂ ಭೂಮಿಗೂ ನಡುವೆ 500 ವೋಲ್ಟ್ ನೇರ ಪ್ರವಾಹದ ಒತ್ತಡವನ್ನು ಒಂದು ನಿಮಿಷ ಕಾಲ ಪ್ರಯೋಗಿಸಿದಾಗ ನಿರೋಧನ ರೋಧವು ಕನಿಷ್ಠ ಒಂದು ಮೆಗಾಓಮ್ ಇರಬೇಕು. ಮಾಪಕದ ಮುಳ್ಳು ಅದಕ್ಕಿಂತ ಕೆಳಗೆ ನಿಂತರೆ ಎಲ್ಲಿಯೋ ಹೊದಿಕೆ ಹರಿದಿದೆ ಅಥವಾ ತೇವ ಸೇರಿದೆ ಎಂದು ಅರ್ಥ. ತಂತಿ ಜೋಡಣೆಗೆ ಭಾರತೀಯ ಮಾನಕ 732 ಮತ್ತು ಭೂಸಂಪರ್ಕಕ್ಕೆ ಭಾರತೀಯ ಮಾನಕ 3043 ಮಾರ್ಗದರ್ಶಿಗಳಾಗಿವೆ. ಮನುಷ್ಯರಿಗೆ ಆಘಾತವಾಗದಂತೆ ತಡೆಯುವ ಸೋರಿಕೆ ರಕ್ಷಕ ಸ್ವಿಚ್ಚು 30 ಮಿಲಿಆಂಪಿಯರ್‌ನಷ್ಟು ಸೋರಿಕೆಗೇ ಕಡಿತಗೊಳ್ಳುವಂತಿರುತ್ತದೆ. ಇದರ ಬೆಲೆಯು ಮನೆಯ ಒಟ್ಟು ವೆಚ್ಚದಲ್ಲಿ ಲೆಕ್ಕಕ್ಕೇ ಬಾರದಷ್ಟು. ಆದರೂ ಅನೇಕ ಅಂದಾಜು ಪಟ್ಟಿಗಳಲ್ಲಿ ಮೊದಲು ಹೊಡೆದುಹಾಕುವ ಬಾಬ್ತು ಇದೇ ಆಗಿರುತ್ತದೆ.

15 ಮೀಟರಿಗಿಂತ ಹೆಚ್ಚು ಎತ್ತರದ ಬಹುಮಹಡಿ ಕಟ್ಟಡಗಳಿಗೆ ವಿದ್ಯುತ್ ಹರಿಸುವ ಮುನ್ನ ವಿದ್ಯುತ್ ಪರಿವೀಕ್ಷಕರಿಗೆ ಲಿಖಿತ ಸೂಚನೆ ನೀಡಿ ಪರಿವೀಕ್ಷಣೆಗೆ ಒಳಪಡಬೇಕು. ಲಿಫ್ಟುಗಳಿಗೆ ಪ್ರತ್ಯೇಕ ರಾಜ್ಯ ಕಾನೂನಿದ್ದು, ಅವುಗಳ ಅರ್ಜಿಯನ್ನು ಬೇರೆಯಾಗಿ ಸಲ್ಲಿಸತಕ್ಕದ್ದು.

ಸಹಾಯಕನ ಅನುಭವ ಮತ್ತು ಹಾಜರಿ ಪುಸ್ತಕ

ಪರವಾನಗಿ ವ್ಯವಸ್ಥೆಯೂ ಕಾರ್ಮಿಕ ಕಾನೂನೂ ಒಂದನ್ನೊಂದು ಸಂಧಿಸುವುದು ಇಲ್ಲಿಯೇ. ವೈರ್‌ಮನ್ ಆಗಲಿಚ್ಛಿಸುವ ಯುವಕರಲ್ಲಿ ಅನೇಕರು ಮೊದಲಿಗೆ ಗುತ್ತಿಗೆದಾರರ ಬಳಿ ಸಹಾಯಕರಾಗಿ ಸೇರುತ್ತಾರೆ. ಗೋಡೆ ಕೊರೆಯುವುದು, ಕೊಳವೆ ಕೂರಿಸುವುದು, ಏಣಿ ಹಿಡಿಯುವುದು ಇತ್ಯಾದಿ ಕೆಲಸದಲ್ಲಿ ವರ್ಷಗಳು ಕಳೆಯುತ್ತವೆ. ಅನುಭವದ ಆಧಾರದ ಮೇಲೆ ಅರ್ಜಿ ಸಲ್ಲಿಸುವ ಸಮಯ ಬಂದಾಗ ಅದಕ್ಕೆ ಪುರಾವೆ ಬೇಕು. ನೇಮಕಾತಿ ಪತ್ರವಿಲ್ಲ, ವೇತನ ಚೀಟಿಯಿಲ್ಲ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ ಎಂದಾದರೆ ಕೈಯಲ್ಲಿ ಕಸುಬಿದ್ದರೂ ಕಡತದಲ್ಲಿ ಅನುಭವವಿಲ್ಲದಂತಾಗುತ್ತದೆ. ಇಂತಹವರು ಪರವಾನಗಿಯಿಲ್ಲದೆಯೇ ಜೀವನಪೂರ್ತಿ ಅದೇ ಕೆಲಸವನ್ನು ಕಡಿಮೆ ಕೂಲಿಗೆ ಮಾಡುತ್ತ ಉಳಿಯುವುದು ಅಪರೂಪವಲ್ಲ.

ಈ ಪುರಾವೆಗಳನ್ನು ಕೇಳಿ ಪಡೆಯಲು ಕಾನೂನು ಆಸ್ಪದ ನೀಡಿದೆ. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, 1961 ರಾಜ್ಯದ ಸ್ವಂತ ಕಾನೂನು. ಇದರಡಿ ವ್ಯವಹಾರ ಪ್ರಾರಂಭಿಸಿದ 30 ದಿನಗಳೊಳಗೆ ನೋಂದಣಿಗೆ ಅರ್ಜಿ ಸಲ್ಲಿಸತಕ್ಕದ್ದು. ನೌಕರರನ್ನು ನೇಮಿಸಿಕೊಂಡ 30 ದಿನಗಳೊಳಗೆ ನೇಮಕಾತಿ ಆದೇಶ ನೀಡಬೇಕೆಂದು 6ಎ ಪ್ರಕರಣವು ವಿಧಿಸುತ್ತದೆ. ಆರು ತಿಂಗಳು ನಿರಂತರ ಸೇವೆ ಸಲ್ಲಿಸಿದವರನ್ನು ಸಕಾರಣವಿಲ್ಲದೆ ಹಾಗೂ ಒಂದು ತಿಂಗಳ ನೋಟೀಸು ಅಥವಾ ಅದರ ಬದಲು ವೇತನವಿಲ್ಲದೆ ತೆಗೆದುಹಾಕುವಂತಿಲ್ಲ. ದುರ್ನಡತೆಯ ಪ್ರಕರಣಗಳಿಗೆ ಬೇರೆ ವಿಧಾನವಿದೆ. 2020ರ ತಿದ್ದುಪಡಿಯು ಸುರಕ್ಷತಾ ಷರತ್ತುಗಳಿಗೆ ಒಳಪಟ್ಟು ಮಹಿಳೆಯರು ರಾತ್ರಿ ಪಾಳಿಯಲ್ಲಿ ದುಡಿಯಲು ಅವಕಾಶ ಮಾಡಿಕೊಟ್ಟಿತು.

2025ರ ನವೆಂಬರ್ 21ರ ಬದಲಾವಣೆ

ಸದರಿ ದಿನಾಂಕದಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ವೇತನ ಸಂಹಿತೆ, 2019. ಕೈಗಾರಿಕಾ ಸಂಬಂಧಗಳ ಸಂಹಿತೆ, 2020. ಸಾಮಾಜಿಕ ಭದ್ರತಾ ಸಂಹಿತೆ, 2020. ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020 ಇವೇ ಆ ನಾಲ್ಕು. ಕನಿಷ್ಠ ವೇತನ ಅಧಿನಿಯಮ, 1948, ವೇತನ ಪಾವತಿ ಅಧಿನಿಯಮ, 1936, ಗುತ್ತಿಗೆ ಕಾರ್ಮಿಕರ ಅಧಿನಿಯಮ, 1970, ಕಾರ್ಖಾನೆಗಳ ಅಧಿನಿಯಮ, 1948 ಮುಂತಾದವು ಇವುಗಳಲ್ಲಿ ವಿಲೀನಗೊಂಡು ರದ್ದಾದವು. ಕಾರ್ಖಾನೆಗಳ ಅಧಿನಿಯಮಕ್ಕೆ ಕರ್ನಾಟಕ ವಿಧಾನಮಂಡಲವು 2023ರಲ್ಲಿ ತಂದ ತಿದ್ದುಪಡಿಯು, ವಾರಕ್ಕೆ 48 ಗಂಟೆಗಳ ಮಿತಿಗೆ ಒಳಪಟ್ಟು, ದಿನಕ್ಕೆ 12 ಗಂಟೆಗಳವರೆಗಿನ ದುಡಿಮೆಗೆ ಆಸ್ಪದ ನೀಡಿದ್ದಿತು. ಮೂಲ ಅಧಿನಿಯಮವೇ ರದ್ದಾಗಿರುವುದರಿಂದ ಕಾರ್ಖಾನೆಯ ಕೆಲಸದ ಅವಧಿಯ ಪ್ರಶ್ನೆಗಳನ್ನು ಈಗ ಸಂಹಿತೆಯ ಅಡಿಯಲ್ಲಿ ಪರಿಶೀಲಿಸತಕ್ಕದ್ದು. ಅಂಗಡಿಗಳ ಅಧಿನಿಯಮವು ರಾಜ್ಯದ ಕಾನೂನಾದ ಕಾರಣ ಈ ರದ್ದಿಯಾತಿಯ ಪಟ್ಟಿಗೆ ಸೇರಿಲ್ಲ. ರದ್ದಾದ ಅಧಿನಿಯಮಗಳಡಿ ಹೊರಡಿಸಿದ್ದ ನಿಯಮ ಮತ್ತು ಅಧಿಸೂಚನೆಗಳು ಸಂಹಿತೆಗಳಿಗೆ ಅಸಂಗತವಾಗಿಲ್ಲದಷ್ಟು ಮಟ್ಟಿಗೆ, ಬೇರೆ ನಿಯಮಗಳು ಅವುಗಳ ಸ್ಥಾನಕ್ಕೆ ಬರುವವರೆಗೆ, ಉಳಿದುಕೊಳ್ಳುತ್ತವೆ.

ಕಾರ್ಮಿಕರಿಗೆ ಇದರಿಂದ ಆದ ವ್ಯತ್ಯಾಸಗಳಲ್ಲಿ ಕಾಲಮಿತಿಯದು ಮುಖ್ಯವಾದುದು. ಕಡಿಮೆ ವೇತನದ ಬಗ್ಗೆ ಕನಿಷ್ಠ ವೇತನ ಅಧಿನಿಯಮದಡಿ 6 ತಿಂಗಳೊಳಗೆ, ಬಾಕಿ ವೇತನದ ಬಗ್ಗೆ ವೇತನ ಪಾವತಿ ಅಧಿನಿಯಮದಡಿ 12 ತಿಂಗಳೊಳಗೆ ಕ್ಲೇಮು ಸಲ್ಲಿಸಬೇಕಿತ್ತು. ಕೆಲಸ ಕಳೆದುಕೊಳ್ಳುವ ಭಯದಿಂದ ಸುಮ್ಮನಿದ್ದು ಅವಧಿ ಮೀರಿಸಿಕೊಂಡವರು ಅಸಂಖ್ಯ. ವೇತನ ಸಂಹಿತೆಯ 45ನೆಯ ಪ್ರಕರಣದ ಮೇರೆಗೆ ಈಗ ಈ ಅವಧಿ 3 ವರ್ಷಗಳು. ಕ್ಲೇಮನ್ನು ನೌಕರರೇ ಸಲ್ಲಿಸಬಹುದು. ಅವರ ಸಂಘವಾಗಲಿ ನಿರೀಕ್ಷಕರಾಗಲಿ ಅವರ ಪರವಾಗಿ ಸಲ್ಲಿಸಲೂ ಅವಕಾಶವಿದೆ. ಪ್ರಾಧಿಕಾರವು ಬಾಕಿ ಮೊತ್ತದೊಂದಿಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರವನ್ನೂ ಆದೇಶಿಸಬಹುದು. ಪಾವತಿಸದಿದ್ದರೆ ಅದನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಲು ಬರುತ್ತದೆ. ವೇತನ ನೀಡಿದ್ದೇನೆ ಎಂದು ಸಾಬೀತುಪಡಿಸುವ ಭಾರವು ನಿಯೋಜಕರದೇ ಆಗಿರುತ್ತದೆ.

ತಿಂಗಳ ವೇತನವನ್ನು ಮುಂದಿನ ತಿಂಗಳ 7ನೆಯ ದಿನ ಕಳೆಯುವುದರೊಳಗೆ, ದಿನಗೂಲಿಯನ್ನು ಆಯಾ ಪಾಳಿ ಮುಗಿಯುವಾಗ ನೀಡತಕ್ಕದ್ದು. ಕೆಲಸ ಬಿಟ್ಟವರಿಗೂ ತೆಗೆದುಹಾಕಲ್ಪಟ್ಟವರಿಗೂ ಎರಡು ಕೆಲಸದ ದಿನಗಳೊಳಗೆ ಲೆಕ್ಕ ಚುಕ್ತಾ ಆಗಬೇಕು. ವೇತನ ಚೀಟಿ ನೀಡುವುದು ಕಡ್ಡಾಯ. ಗುತ್ತಿಗೆದಾರರು ವೇತನ ನೀಡಲು ತಪ್ಪಿದರೆ ಕೆಲಸ ನಡೆದ ಸಂಸ್ಥೆಯ ಒಡೆಯರು ಅದಕ್ಕೆ ಹೊಣೆಯಾಗುತ್ತಾರೆ.

ಪರಿವೀಕ್ಷಣೆಯ ಸ್ವರೂಪವೂ ಬದಲಾಗಿದೆ. ಹಿಂದಿನ ಕಾರ್ಮಿಕ ನಿರೀಕ್ಷಕರ ಸ್ಥಾನದಲ್ಲಿ ಸಂಹಿತೆಗಳು ನಿರೀಕ್ಷಕ-ಸುಗಮಕಾರ ಎಂಬ ಪದನಾಮವನ್ನು ತಂದಿವೆ. ಮೊದಲ ಉಲ್ಲಂಘನೆಯಲ್ಲಿ ನೇರವಾಗಿ ಮೊಕದ್ದಮೆ ಹೂಡದೆ, ಸರಿಪಡಿಸಿಕೊಳ್ಳಲು ಲಿಖಿತ ನಿರ್ದೇಶನ ನೀಡಿ ಕಾಲಾವಕಾಶ ಕೊಡಬೇಕೆಂಬುದು ವೇತನ ಸಂಹಿತೆಯ ನಿಯಮ. 5 ವರ್ಷಗಳೊಳಗೆ ಅದೇ ಬಗೆಯ ಉಲ್ಲಂಘನೆ ಮರುಕಳಿಸಿದರೆ ಈ ಅವಕಾಶವಿಲ್ಲ. ಕಡಿಮೆ ವೇತನ ನೀಡಿದವರಿಗೆ ಮೊದಲ ಬಾರಿ 50,000 ರೂಪಾಯಿಗಳವರೆಗೆ ದಂಡ, ಮರುಕಳಿಸಿದಲ್ಲಿ 3 ತಿಂಗಳವರೆಗೆ ಕಾರಾವಾಸ ಅಥವಾ 1 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡೂ. ಸಣ್ಣ ನಿಯೋಜಕರು ಮೊದಲ ನಿರ್ದೇಶನವನ್ನು ಎಚ್ಚರಿಕೆಯೆಂದಷ್ಟೇ ತಿಳಿದು ಕಡತದಲ್ಲಿಟ್ಟು ಮರೆಯುವುದುಂಟು. ಎರಡನೆಯ ಬಾರಿಗೆ ಅದೇ ಕಾಗದವೇ ಅವರ ವಿರುದ್ಧ ಪುರಾವೆಯಾಗುತ್ತದೆ.

ಇನ್ನೊಂದು ಗೊಂದಲವನ್ನು ನಿವಾರಿಸುವುದು ಅಗತ್ಯ. ವಿದ್ಯುತ್ ಗುತ್ತಿಗೆದಾರರ ಪರವಾನಗಿಯೂ ಗುತ್ತಿಗೆ ಕಾರ್ಮಿಕರನ್ನು ಒದಗಿಸುವ ಪರವಾನಗಿಯೂ ಒಂದೇ ಅಲ್ಲ. ಎರಡನೆಯದು ಕೇಂದ್ರ ಅಧಿನಿಯಮದ ಪ್ರಕಾರ ಹಿಂದೆ 20 ಅಥವಾ ಹೆಚ್ಚು ಕಾರ್ಮಿಕರಿದ್ದಾಗ ಬೇಕಾಗುತ್ತಿತ್ತು. ಸಂಹಿತೆಯು ಈ ಸಂಖ್ಯೆಯನ್ನು 50ಕ್ಕೆ ಏರಿಸಿದೆ. ಆದ್ದರಿಂದ ಹತ್ತು ಮಂದಿಯನ್ನು ಇಟ್ಟುಕೊಂಡ ವಿದ್ಯುತ್ ಗುತ್ತಿಗೆದಾರರಿಗೆ ಈಗ ಎರಡನೆಯ ಪರವಾನಗಿ ಬೇಡ. ಮೊದಲನೆಯದು ಒಬ್ಬರೇ ಕಾರ್ಮಿಕರಿದ್ದರೂ ಬೇಕು. ಸಂಖ್ಯೆ ಏರಿದ್ದರಿಂದ ಸಣ್ಣ ಗುತ್ತಿಗೆದಾರರ ಕಾಗದಪತ್ರದ ಹೊರೆ ಇಳಿದಿರುವುದು ನಿಜ. ಅವರಲ್ಲಿ ದುಡಿಯುವವರ ಹೆಸರು ದಾಖಲಾಗುತ್ತಿದ್ದ ಒಂದು ಕಡತವೂ ಅದರೊಂದಿಗೆ ಹೋಗಿದೆ ಎಂಬುದೂ ಅಷ್ಟೇ ನಿಜ. ಇದರಿಂದಾಗಿ ನೇಮಕಾತಿ ಪತ್ರ ಮತ್ತು ವೇತನ ಚೀಟಿಗಳ ಮಹತ್ವ ಹೆಚ್ಚಿದೆ.

ಮೊಬೈಲ್ ಆ್ಯಪ್ ಮೂಲಕ ಮನೆಗೆ ಬರುವ ಎಲೆಕ್ಟ್ರಿಷಿಯನ್‌ಗಳ ವಿಷಯದಲ್ಲಿ ಕರ್ನಾಟಕವು 2025ರಲ್ಲಿ ವೇದಿಕೆ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾನೂನನ್ನು ತಂದಿತು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಸಲ್ಲುವ ಮೊತ್ತದ ಶೇಕಡ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ವೇದಿಕೆಯಿಂದ ಸಂಗ್ರಹಿಸಲು ಹಾಗೂ ಕಾರ್ಮಿಕರನ್ನು ತೆಗೆಯುವ ಮುನ್ನ ಕಾರಣ ಸಹಿತ 14 ದಿನಗಳ ನೋಟೀಸು ನೀಡಲು ಇದು ಅವಕಾಶ ಕಲ್ಪಿಸುತ್ತದೆ. ಆ್ಯಪಿನಲ್ಲಿ ನೋಂದಾಯಿತರಾಗಿರುವುದು ವೈರ್‌ಮನ್ ಪರವಾನಗಿ ಪತ್ರಕ್ಕೆ ಸಮನಲ್ಲ.

ಅವಘಡ ಸಂಭವಿಸಿದಲ್ಲಿ

ವಿದ್ಯುತ್ ಸ್ಥಾವರ ಅಥವಾ ಮಾರ್ಗದಿಂದ ಮನುಷ್ಯರ ಅಥವಾ ಪ್ರಾಣಿಗಳ ಜೀವಹಾನಿಯಾದಲ್ಲಿ ಅದನ್ನು ವಿದ್ಯುತ್ ಪರಿವೀಕ್ಷಕರಿಗೆ ವರದಿ ಮಾಡತಕ್ಕದ್ದೆಂದು ಅಧಿನಿಯಮದ 161ನೆಯ ಪ್ರಕರಣವು ವಿಧಿಸುತ್ತದೆ. 2005ರ ನಿಯಮಗಳ ಪ್ರಕಾರ ಮಾರಣಾಂತಿಕ ಅವಘಡದ ಸುದ್ದಿ ತಿಳಿದ 24 ಗಂಟೆಗಳೊಳಗೆ ಸೂಚನೆಯನ್ನೂ 48 ಗಂಟೆಗಳೊಳಗೆ ನಿಗದಿತ ನಮೂನೆಯಲ್ಲಿ ಲಿಖಿತ ವರದಿಯನ್ನೂ ಸಲ್ಲಿಸಬೇಕು. ಸ್ಥಳವನ್ನು ಪರಿವೀಕ್ಷಕರು ನೋಡುವ ಮುನ್ನ ತಂತಿ ಬದಲಾಯಿಸುವುದು, ಸುಟ್ಟ ಸ್ವಿಚ್ಚನ್ನು ಎಸೆಯುವುದು ಸಲ್ಲದು. ಅಪಾಯ ನಿವಾರಣೆಗೆ ಸರಬರಾಜನ್ನು ಕಡಿತಗೊಳಿಸಿದರೆ ಸಾಕು.

ಕೆಲಸದಲ್ಲಿದ್ದಾಗ ಮೃತಪಟ್ಟ ಕಾರ್ಮಿಕರ ಅವಲಂಬಿತರಿಗೆ ಸಾಮಾಜಿಕ ಭದ್ರತಾ ಸಂಹಿತೆಯಡಿ ಮಾಸಿಕ ವೇತನದ ಶೇಕಡ 50ನ್ನು ವಯಸ್ಸಿಗೆ ತಕ್ಕ ಗುಣಾಂಕದಿಂದ ಗುಣಿಸಿ ಪರಿಹಾರ ನಿರ್ಧರಿಸಲಾಗುತ್ತದೆ. ಶಾಶ್ವತ ಪೂರ್ಣ ಅಂಗವಿಕಲತೆಯಾದರೆ ಶೇಕಡ 60. ನೌಕರರ ರಾಜ್ಯ ವಿಮಾ ಯೋಜನೆಗೆ ಒಳಪಟ್ಟವರಿಗೆ ಆ ಯೋಜನೆಯ ಸೌಲಭ್ಯ ಅನ್ವಯಿಸುತ್ತದೆ. ಲೆಕ್ಕವೆಲ್ಲ ಮಾಸಿಕ ವೇತನದ ಮೇಲೆ ನಿಲ್ಲುವುದರಿಂದ ವೇತನ ಚೀಟಿಯಲ್ಲಿ ನಿಜವಾದ ಮೊತ್ತವೇ ಇರಬೇಕಾದುದು ಎಷ್ಟು ಅಗತ್ಯವೆಂಬುದು ಇಂತಹ ವೇಳೆಯಲ್ಲಿ ತಿಳಿಯುತ್ತದೆ. ಮನೆ, ಕಟ್ಟಡಗಳ ನಿರ್ಮಾಣದಲ್ಲಿ ತೊಡಗಿದ ವಿದ್ಯುತ್ ಕೆಲಸಗಾರರು 18ರಿಂದ 60 ವರ್ಷದೊಳಗಿನವರಾಗಿದ್ದು, ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ದುಡಿದಿದ್ದರೆ ಕಟ್ಟಡ ಕಾರ್ಮಿಕರಾಗಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಮಂಡಳಿಯ ಸಹಾಯಧನವು ನಿಯೋಜಕರ ಪರಿಹಾರದ ಬದಲಿಯಲ್ಲ.

ಅರ್ಜಿ ವಿಳಂಬವಾದಲ್ಲಿ

ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ಅಡಿಯಲ್ಲಿ ಅಧಿಸೂಚಿತವಾದ ಸೇವೆಗಳಿಗೆ ಅರ್ಜಿ ಸ್ವೀಕೃತಿಯ ಸಂಖ್ಯೆಯನ್ನು ಕೇಳಿ ಪಡೆಯತಕ್ಕದ್ದು. ನಿಗದಿತ ದಿನಗಳು ಮೀರಿದರೆ ಅಥವಾ ಅರ್ಜಿ ತಿರಸ್ಕೃತವಾದರೆ ಸಕ್ಷಮ ಅಧಿಕಾರಿಗೆ ಮೊದಲ ಮೇಲ್ಮನವಿ, ಬಳಿಕ ಮೇಲ್ಮನವಿ ಪ್ರಾಧಿಕಾರಕ್ಕೆ ಎರಡನೆಯದನ್ನು ಸಲ್ಲಿಸಬಹುದು. ವಿಳಂಬದ ಪ್ರತಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಗಳ ಪರಿಹಾರ ವೆಚ್ಚಕ್ಕೆ ಅರ್ಜಿದಾರರು ಅರ್ಹರು. ಮೊತ್ತ ಅಲ್ಪವಾದರೂ ಅದು ತಪ್ಪಿದ ಅಧಿಕಾರಿಯ ವೇತನದಿಂದ ಕಡಿತವಾಗುವುದರಿಂದ ಪರಿಣಾಮಕಾರಿಯಾಗಿದೆ. ಸ್ವೀಕೃತಿ ಸಂಖ್ಯೆಯಿಲ್ಲದೆ ಸಲ್ಲಿಸಿದ ಅರ್ಜಿಗೆ ಈ ಸೌಲಭ್ಯ ದೊರೆಯದು. ಮಧ್ಯವರ್ತಿಗಳ ಕೈಗೆ ಮೂಲ ಪ್ರಮಾಣಪತ್ರಗಳನ್ನು ಕೊಡಬಾರದು. ಶುಲ್ಕದ ದರಗಳು ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ ಚಲನ್ ತುಂಬುವ ದಿನದಂದು ಸಂಬಂಧಪಟ್ಟ ಕಚೇರಿಯಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳತಕ್ಕದ್ದು.